ಕಾವಲೂ ಬೇಹೂ

ಮಕ್ಕಳನ್ನು ಕಾಯುವುದು ತಂದೆತಾಯಿಗಳ ಧರ್ಮ. ಮಕ್ಕಳ ಮೇಲೆ ಬೇಹು ನಡೆಸುವುದೂ ಧರ್ಮವೆ? ಎರಡೂ ಕಣ್ಣಿಟ್ಟು ನೋಡುವ ಕೆಲಸವೇ ಆದುದರಿಂದ, ಒಂದರ ಹೆಸರಿನಲ್ಲಿ ಇನ್ನೊಂದು ಮನೆಯೊಳಕ್ಕೆ ಬಂದು ಕುಳಿತರೆ ನಮಗೆ ಬೇಗನೆ ಗುರುತು ಹತ್ತುವುದಿಲ್ಲ. ಹೊಲದ ನಡುವೆ ಅಟ್ಟಣೆಯ ಮೇಲೆ ನಿಂತು ಕೂಗುವವನು ಕಾವಲುಗಾರ. ತಾನಿರುವುದು ಎಲ್ಲರಿಗೂ ತಿಳಿಯಲಿ ಎಂಬುದೇ ಅವನ ಉದ್ದೇಶ. ಮಾರುವೇಷದಲ್ಲಿ ಪಕ್ಕದಲ್ಲಿ ಕುಳಿತು ಮಾತಿಗೆ ಕಿವಿಗೊಡುವವನು ಬೇಹಿನವನು. ತಾನಿರುವುದು ಯಾರಿಗೂ ತಿಳಿಯದಿರಲಿ ಎಂಬುದೇ ಅವನ ಬಂಡವಾಳ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದು ಅನೇಕ ಮನೆಗಳಲ್ಲಿ ಸದ್ದಿಲ್ಲದೆ ನಡೆಯುತ್ತಿರುವ ಒಂದು ವ್ಯವಹಾರವನ್ನು ಕುರಿತು ವಾಚಕರೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬೇಕೆನಿಸಿದೆ.

೨೦೨೦ರ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದುವು. ಪಾಠಪ್ರವಚನಗಳು ಅಂತರ್ಜಾಲದ ಮೂಲಕ ನಡೆಯತೊಡಗಿದಾಗ, ಅದುವರೆಗೆ ಕಚೇರಿಯ ಸಾಮಗ್ರಿಯೆನಿಸಿದ್ದ ಕಂಪ್ಯೂಟರು ಸಾಧಾರಣ ವರಮಾನದ ಎಷ್ಟೋ ಮನೆಗಳಿಗೂ, ಸಾಲ ಮಾಡಿಸಿಯಾದರೂ, ಬಂದು ಸೇರಿತು. ಮಗು ಅದರ ಮುಂದೆ ಕುಳಿತು ಗಣಿತ ಕಲಿಯುತ್ತಿದೆಯೆಂದು ತಾಯಿ ಸಮಾಧಾನಪಟ್ಟುಕೊಂಡಳು. ಆ ಗಾಜಿನ ಕಿಟಕಿಯ ಆಚೆಗೆ ಇರುವುದು ಗಣಿತವೊಂದೇ ಅಲ್ಲವೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಅಪರಿಚಿತರ ಸ್ನೇಹ, ಜೂಜಿನಂಥ ಆಟಗಳು, ವಯಸ್ಸಿಗೆ ಸಲ್ಲದ ಚಿತ್ರಗಳು, ಸಹಪಾಠಿಗಳೇ ಒಟ್ಟುಗೂಡಿ ಒಬ್ಬನನ್ನು ಗೇಲಿಮಾಡಿ ಗೋಳುಹೊಯ್ದುಕೊಳ್ಳುವ ಕ್ರೌರ್ಯ, ಇವೆಲ್ಲವೂ ಅದೇ ಕಿಟಕಿಯಿಂದ ಒಳಬರುತ್ತವೆ. ಇದಕ್ಕೆ ಮೊದಲೇ, ೨೦೧೭ರಲ್ಲಿ, ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತದೆಂದು ಹೇಳಲಾದ ‘ಬ್ಲೂ ವೇಲ್’ ಎಂಬ ಆಟದ ಸುದ್ದಿ ದೇಶವನ್ನೆಲ್ಲ ತಲ್ಲಣಗೊಳಿಸಿ, ಅದರ ಕೊಂಡಿಗಳನ್ನು ತೆಗೆದುಹಾಕಬೇಕೆಂದು ಕೇಂದ್ರ ಸರ್ಕಾರ ಆ ವರ್ಷದ ಆಗಸ್ಟಿನಲ್ಲಿ ಅಂತರ್ಜಾಲ ಸಂಸ್ಥೆಗಳಿಗೆ ಸೂಚಿಸಬೇಕಾಗಿ ಬಂದಿತ್ತು. ಆದುದರಿಂದ ತಂದೆತಾಯಿಗಳ ಭಯ ಹುಸಿ ಭಯವೆಂದು ನಾವು ಹೇಳಲಾರೆವು. ಭಯ ನಿಜವಾದುದೇ, ಅದಕ್ಕೆ ಕೊಳ್ಳುವ ಔಷಧ ಯಾವುದು ಎಂಬುದಷ್ಟೇ ಪ್ರಶ್ನೆ.

ಔಷಧವೆಂದು ದೊರೆಯುವ ತಂತ್ರಾಂಶಗಳಲ್ಲಿ ಮೂರು ಬಗೆಯುಂಟು. ಮೊದಲನೆಯದು ಬೇಲಿ, ಕೆಲವು ತಾಣಗಳು ತೆರೆಯದಂತೆ ಅದು ಅಡ್ಡಗಟ್ಟುತ್ತದೆ. ಎರಡನೆಯದು ಗಡಿಯಾರ, ಗೊತ್ತುಮಾಡಿದ ಹೊತ್ತು ಮುಗಿದೊಡನೆ ಯಂತ್ರ ವಿರಮಿಸುವಂತೆ ಮಾಡುತ್ತದೆ. ಈ ಎರಡು ಸೌಲಭ್ಯಗಳು ಇಂದಿನ ಸಾಮಾನ್ಯ ಕಂಪ್ಯೂಟರುಗಳ ಜೊತೆಯಲ್ಲಿಯೇ ಬರುತ್ತವೆ. ಮೂರನೆಯದರ ಜಾತಿಯೇ ಬೇರೆ. ಕೀಲಿಮಣೆಯ ಮೇಲೆ ಮಗುವಿನ ಬೆರಳು ಒತ್ತಿದ ಒಂದೊಂದು ಕೀಲಿಯನ್ನೂ ಅದು ಬರೆದಿಡುತ್ತದೆ. ಆಗಾಗ ಪರದೆಯ ಚಿತ್ರ ತೆಗೆಯುತ್ತದೆ. ನೋಡಿದ ತಾಣಗಳ, ಕಳುಹಿಸಿದ ಪತ್ರಗಳ ಪಟ್ಟಿ ಮಾಡುತ್ತದೆ. ಎಲ್ಲವನ್ನೂ ಕಟ್ಟುಕಟ್ಟಿ ತಂದೆಗೋ ತಾಯಿಗೋ ರವಾನಿಸುತ್ತದೆ. ತಾನು ಕೆಲಸ ಮಾಡುತ್ತಿರುವ ಗುರುತೇ ಸಿಗದಂತೆ ಅಡಗಿರುವುದನ್ನು ಮಾರುವವರು ಅದರ ಹೆಚ್ಚುಗಾರಿಕೆಯೆಂದು ಸಾರುತ್ತಾರೆ. ಮೊದಲಿನ ಎರಡು ಕಾವಲಿಗೆ ಸೇರಿದುವು. ನಮ್ಮ ತಕರಾರು ಈ ಮೂರನೆಯದರ ಮೇಲೆ.

ನಮ್ಮ ಬೀದಿಯಲ್ಲಿಯೇ ಇರುವ ಮಿತ್ರರೊಬ್ಬರು, ಬ್ಯಾಂಕಿನ ನೌಕರರು, ಸದ್ಗೃಹಸ್ಥರು, ೨೦೨೧ರಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಕೈಯಲ್ಲಿ ನಾಲ್ಕು ಹಾಳೆಗಳಿದ್ದುವು, ಮುಖ ಬಾಡಿತ್ತು. “ಮೇಷ್ಟ್ರೇ, ನೀವು ಕನ್ನಡ ಓದಿದವರು. ಇದು ಕಥೆಯೋ ನಿಜವೋ ನೀವೇ ನೋಡಿ ಹೇಳಬೇಕು” ಎಂದರು. ಹತ್ತನೆಯ ತರಗತಿಯಲ್ಲಿದ್ದ ಅವರ ಮಗಳು ಮನೆಯ ಕಂಪ್ಯೂಟರಿನಲ್ಲಿ ಬರೆದುದು ಅದು. ಅವಳಿಗೆ ತಿಳಿಯದಂತೆ ಅವರು ಹಾಕಿಸಿದ್ದ ತಂತ್ರಾಂಶ ಅದನ್ನು ಅವರಿಗೆ ತಲುಪಿಸಿತ್ತು. ಹುಡುಗಿ ಬರೆದುದು ಕನ್ನಡದಲ್ಲಿ. ವರದಿಯಲ್ಲಿ ಬಂದುದು ಇಂಗ್ಲಿಷ್ ಅಕ್ಷರಗಳ ಗೋಜಲು. ಆ ತಂತ್ರಾಂಶಕ್ಕೆ ತಿಳಿಯುತ್ತಿದ್ದುದು ಒತ್ತಿದ ಕೀಲಿಯೇ ಹೊರತು ಮೂಡಿದ ಅಕ್ಷರವಲ್ಲ. ಮಿತ್ರರು ರಾತ್ರಿಯೆಲ್ಲ ಕುಳಿತು ಆ ಗೋಜಲನ್ನು ಬಿಡಿಸಿ ಕನ್ನಡದಲ್ಲಿ ಬರೆದುಕೊಂಡು ತಂದಿದ್ದರು.

ನಾವು ಓದಿದೆವು. ಒಬ್ಬ ಹುಡುಗಿ ರಾತ್ರಿಯ ಬಸ್ಸು ಹತ್ತಿ ಊರು ಬಿಡುತ್ತಾಳೆ. ಮುಂದಿನ ಊರಿನ ನಿಲ್ದಾಣದಲ್ಲಿ ನಸುಕಿನಲ್ಲಿ ಕಾಫಿಯ ಅಂಗಡಿಯವನು ಒಲೆ ಹೊತ್ತಿಸುವುದನ್ನು ನೋಡುತ್ತ ಕುಳಿತಿದ್ದು, ಬೆಳಕು ಹರಿದ ಮೇಲೆ ಮನೆಯ ದಾರಿ ಹಿಡಿಯುತ್ತಾಳೆ. ವಯಸ್ಸಿಗೆ ಮೀರಿದ ಹದ ಆ ಬರವಣಿಗೆಯಲ್ಲಿತ್ತು. ಕಥೆಯೇ ಸರಿ, ಸಂದೇಹವಿಲ್ಲ ಎಂದು ಹೇಳಿದೆವು. ಆದರೆ ಮಿತ್ರರ ಬೆರಳು ನಡುವಿನ ಒಂದು ಸಾಲಿನ ಮೇಲೆ ನಿಂತಿತ್ತು. ಅದು ತಂದೆಯನ್ನು ಕುರಿತ ಸಾಲು. ಹುಡುಗಿ ಅದನ್ನು ಬರೆದು, ಒಡನೆಯೇ ಅಳಿಸಿ, ಅದರ ಜಾಗದಲ್ಲಿ ಬೇರೊಂದನ್ನು ಬರೆದಿದ್ದಳು. ಅವಳ ಕಥೆಯಲ್ಲಿ ಅದು ಉಳಿದಿರಲಿಲ್ಲ. ಬೇಹಿನ ವರದಿಯಲ್ಲಿ ಮಾತ್ರ ಉಳಿದಿತ್ತು. ಒತ್ತಿದ ಅಕ್ಷರಗಳೂ ಅಲ್ಲಿದ್ದುವು, ಅಳಿಸುವ ಕೀಲಿಯನ್ನು ಎಷ್ಟು ಬಾರಿ ಒತ್ತಿದಳೆಂಬ ಲೆಕ್ಕವೂ ಅಲ್ಲಿತ್ತು. ಆ ಸಾಲು ಏನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಈ ಪ್ರಸಂಗವನ್ನು ಹೆಸರಿಲ್ಲದೆ ಪ್ರಸ್ತಾಪಿಸಲು ತಂದೆ ಮಗಳು ಇಬ್ಬರ ಅನುಮತಿಯನ್ನೂ ಕೇಳಿದಾಗ, ಮಗಳು ಹಾಕಿದ ಷರತ್ತು ಅದೊಂದೇ.

ಮಿತ್ರರು ಮನೆಗೆ ಹೋಗಿ ಮಗಳನ್ನು ಕೇಳಿಯೇಬಿಟ್ಟರು. ಆಕೆ ಅಳಲಿಲ್ಲ, ಎದುರಾಡಲೂ ಇಲ್ಲವಂತೆ. “ಅಪ್ಪಾ, ನಾನು ಅಳಿಸಿದ್ದು ನಿಮಗೆ ಹೇಗೆ ಗೊತ್ತಾಯಿತು?” ಎಂದು ಒಂದೇ ಒಂದು ಪ್ರಶ್ನೆ ಕೇಳಿದಳಂತೆ. ಮುಂದೆ ಅವಳು ನಮ್ಮ ಕಾಲೇಜಿಗೇ ಬಂದು ಸೇರಿದಳು. ವಾರ್ಷಿಕ ಸಂಚಿಕೆಗೆ ಒಂದು ಕಥೆ ಕೊಡಮ್ಮ ಎಂದರೆ, “ಈಗ ಬರೆಯುವುದಿಲ್ಲ ಸಾರ್” ಎಂದಳು. ಆ ಉತ್ತರಕ್ಕೆ ಮಿತ್ರರೊಬ್ಬರೇ ಹೊಣೆಯಲ್ಲ. ಅಂದು ಆ ಹಾಳೆಗಳನ್ನು ಮಡಿಸಿ ಹಿಂದಕ್ಕೆ ಕೊಡಬೇಕಾಗಿದ್ದ ನಾವು ಕುತೂಹಲದಿಂದ ಓದಿದೆವು. ಓದಿ ಮೆಚ್ಚಿ, ಪರೀಕ್ಷಕರಂತೆ ತೀರ್ಪನ್ನೂ ಕೊಟ್ಟೆವು. ಇನ್ನೂ ಮುಗಿಯದ, ಯಾರ ಕೈಗೂ ಕೊಡದ ಬರವಣಿಗೆಯೊಂದನ್ನು ಬರೆದವಳ ಅಪ್ಪಣೆಯಿಲ್ಲದೆ ಓದಿದ ತಪ್ಪಿನಲ್ಲಿ ನಮಗೂ ಪಾಲಿದೆ. ಸಾಹಿತ್ಯದ ಅಧ್ಯಾಪಕನಿಗೆ ಈ ತಪ್ಪು ಇನ್ನೂ ದೊಡ್ಡದು.

ಏಕೆಂದರೆ, ಬರವಣಿಗೆಯ ಅಭ್ಯಾಸವಿರುವ ಯಾರಿಗೂ ಅಳಿಸಿದ ಸಾಲಿನ ಬೆಲೆ ಗೊತ್ತು. ಮನಸ್ಸಿಗೆ ಬಂದ ಮಾತನ್ನೆಲ್ಲ ಮನುಷ್ಯ ಒಪ್ಪಿಕೊಂಡಿರುವುದಿಲ್ಲ. ಬಂದ ಮಾತನ್ನು ಎದುರಿಗಿಟ್ಟುಕೊಂಡು ನೋಡಿ, ಇದು ನಿಜವಲ್ಲ, ಇದು ನ್ಯಾಯವಲ್ಲ, ಇದು ನನ್ನ ಮಾತಲ್ಲ ಎಂದು ತಾನೇ ಹೊಡೆದುಹಾಕುವುದರಲ್ಲಿ ವಿವೇಕ ಬೆಳೆಯುತ್ತದೆ. ಸಿಟ್ಟಿನ ಮಾತು ನಾಲಗೆಯಿಂದ ಹೊರಬಿದ್ದರೆ ತಿರುಗಿ ಬಾರದು. ಕಾಗದದ ಮೇಲೆ ಬಂದರೆ ಹರಿದುಹಾಕಲು ಅವಕಾಶವುಂಟು. ಈ ಅವಕಾಶವೇ ಏಕಾಂತ. ಮುಚ್ಚುಮರೆಯೆಂದರೆ ಬೇರೆ, ಏಕಾಂತವೆಂದರೆ ಬೇರೆ. ತಪ್ಪನ್ನು ಬಚ್ಚಿಡುವುದು ಮುಚ್ಚುಮರೆ. ತಪ್ಪನ್ನು ತಾನೇ ಕಂಡುಕೊಳ್ಳುವ ಜಾಗ ಏಕಾಂತ. ಬೇಹಿನ ತಂತ್ರಾಂಶ ಕಾಲಿಡುವುದು ಈ ಜಾಗಕ್ಕೇ. ಮಗು ತಾನೇ ತಿದ್ದಿಕೊಂಡ ತಪ್ಪನ್ನು ಅದು ತಪ್ಪೆಂದೇ ದಾಖಲೆಮಾಡುತ್ತದೆ. ತಿದ್ದಿಕೊಂಡಿತೆಂಬ ಗುಣ ಅದರ ಗಣನೆಗೆ ಬರುವುದಿಲ್ಲ. ಕಥೆಯಲ್ಲಿ ಪಾತ್ರ ಆಡಿದ ಮಾತಿಗೂ ಬರೆದವಳ ಮನಸ್ಸಿನ ಮಾತಿಗೂ ಇರುವ ಅಂತರ ಅದಕ್ಕೆ ತಿಳಿಯದು. ತಿಳಿಯಬೇಕಾದ ತಂದೆಯೂ ಹೆದರಿಕೆಯಲ್ಲಿ ಅದರ ಕಣ್ಣಿನಿಂದಲೇ ನೋಡತೊಡಗುತ್ತಾನೆ.

ಮಗಳ ಬರವಣಿಗೆ ಕೈಯಳತೆಯಲ್ಲಿದ್ದೂ ಓದದೆ ಉಳಿದ ತಂದೆಯೊಬ್ಬನ ವಿಚಾರ ಇಲ್ಲಿ ನೆನಪಾಗುತ್ತದೆ. ಆಮ್‌ಸ್ಟರ್‌ಡಾಮಿನ ಆನ್ ಫ್ರಾಂಕಳಿಗೆ ಅವಳ ದಿನಚರಿಯ ಪುಸ್ತಕ ಬಂದುದು ೧೯೪೨ರ ಜೂನ್ ೧೨ರಂದು, ಹದಿಮೂರನೆಯ ಹುಟ್ಟುಹಬ್ಬದ ದಿನ. ಮುಂದಿನ ತಿಂಗಳು ನಾತ್ಸಿಗಳ ಕೈಗೆ ಸಿಗದಿರಲೆಂದು ಆ ಕುಟುಂಬ ತಂದೆಯ ವ್ಯಾಪಾರದ ಕಟ್ಟಡದ ಹಿಂಭಾಗದಲ್ಲಿ ಅಡಗಿಕೊಂಡಿತು. ಎಂಟು ಜನ, ಕೆಲವೇ ಕೋಣೆಗಳು, ಎರಡು ವರ್ಷಕ್ಕೆ ಮೀರಿದ ಅಜ್ಞಾತವಾಸ. ಒಂದು ಮಾತು ಗಟ್ಟಿಯಾಗಿ ಕೇಳಿಸಿದರೆ ಎಲ್ಲರ ಪ್ರಾಣಕ್ಕೂ ಸಂಚಕಾರವಿದ್ದ ಆ ಮನೆಗಿಂತ ಹೆಚ್ಚಿನ ಭಯ ಯಾವ ಮನೆಯಲ್ಲಿದ್ದೀತು? ಆ ಹುಡುಗಿಯ ದಿನಚರಿ ರಾತ್ರಿಯ ಹೊತ್ತು ತಂದೆಯ ಹಾಸಿಗೆಯ ಪಕ್ಕದ ಕೈಚೀಲದಲ್ಲಿರುತ್ತಿತ್ತು. ಓದುವುದಿಲ್ಲವೆಂದು ಮಾತುಕೊಟ್ಟಿದ್ದ ಆಟೋ ಫ್ರಾಂಕ್ ಓದಲಿಲ್ಲ. ೧೯೪೪ರ ಆಗಸ್ಟ್ ೪ರಂದು ಎಲ್ಲರೂ ಸೆರೆಸಿಕ್ಕ ಮೇಲೆ, ಚೆಲ್ಲಾಪಿಲ್ಲಿಯಾಗಿದ್ದ ಹಾಳೆಗಳನ್ನು ಆಯ್ದು ತೆಗೆದಿಟ್ಟವರಲ್ಲಿ ಒಬ್ಬಳಾದ ಮೀಪ್ ಗೀಸ್ ಅವನ್ನು ತನ್ನ ಮೇಜಿನ ಖಾನೆಯಲ್ಲಿಟ್ಟು ಕಾಪಾಡಿದಳು, ಆಕೆಯೂ ಓದಲಿಲ್ಲ. ಎಂಟು ಜನರಲ್ಲಿ ಬದುಕಿ ಬಂದವನು ತಂದೆಯೊಬ್ಬನೇ. ೧೯೪೫ರಲ್ಲಿ, ಮಗಳು ಇನ್ನಿಲ್ಲವೆಂದು ತಿಳಿದ ಮೇಲೆ, ಆ ಹಾಳೆಗಳು ಅವನ ಕೈಸೇರಿದುವು. ತನ್ನ ಮಗಳ ಅಂತರಂಗ ಅಷ್ಟು ಆಳವಾದುದೆಂದು ತನಗೆ ತಿಳಿದೇ ಇರಲಿಲ್ಲವೆಂದು ಆತ ಮುಂದೆ ಹೇಳಿಕೊಂಡ. ಹತ್ತಿರದಲ್ಲಿದ್ದೂ ತಿಳಿಯದೆ ಹೋದುದು ಅವನ ದುಃಖ. ಆದರೆ ಮಾತಿಗೆ ತಪ್ಪಿ ತಿಳಿದುಕೊಂಡಿದ್ದರೆ ಅಂಥದೊಂದು ದಿನಚರಿ ಬೆಳೆಯುತ್ತಿತ್ತೆ? ೧೯೪೭ರಲ್ಲಿ ಅದು ಪುಸ್ತಕವಾಗಿ ಲೋಕದ ಕೈಗೆ ಬಂದುದರ ಹಿಂದೆ ಓದದೆ ಉಳಿದ ಇಬ್ಬರ ಸಂಯಮವೂ ಇದೆ.

ಬೇಹನ್ನು ಶಾಸ್ತ್ರವಾಗಿ ವಿವರಿಸಿದವನು ಕೌಟಿಲ್ಯ. ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಗೂಢಪುರುಷರ ನೇಮಕದ ವಿಚಾರವಿರುವಂತೆಯೇ ರಾಜಪುತ್ರರ ರಕ್ಷಣೆಯ ವಿಚಾರವೂ ಬರುತ್ತದೆ. ಅಲ್ಲಿ ರಾಜನು ಮೊದಲು ತನ್ನನ್ನು ಮಕ್ಕಳಿಂದ ಕಾಪಾಡಿಕೊಳ್ಳಬೇಕು. ರಾಜಪುತ್ರರು ಏಡಿಗಳಂತೆ ಹೆತ್ತವರನ್ನೇ ತಿನ್ನುವ ಜಾತಿಯೆಂಬ ಪೂರ್ವಾಚಾರ್ಯರ ಮತವನ್ನು ಅವನು ಉದಾಹರಿಸುತ್ತಾನೆ. ಗೂಢಚಾರನೊಬ್ಬನನ್ನು ಬಿಟ್ಟು, ಬೇಟೆ ಜೂಜು ಮದ್ಯಗಳ ಆಸೆ ತೋರಿಸಿ ರಾಜಪುತ್ರನನ್ನು ಪರೀಕ್ಷಿಸಬೇಕೆಂಬ ಮತವೂ ಒಂದಿತ್ತು. ಇದನ್ನು ಮಾತ್ರ ಕೌಟಿಲ್ಯನು ಒಪ್ಪುವುದಿಲ್ಲ. ಅರಿಯದವನಿಗೆ ಕೆಟ್ಟದ್ದರ ಅರಿವು ಹುಟ್ಟಿಸುವುದು ಮಹಾದೋಷ, ಹೊಸ ವಸ್ತು ತನಗೆ ಬಳಿದುದನ್ನೆಲ್ಲ ಹೀರಿಕೊಳ್ಳುತ್ತದೆ ಎನ್ನುತ್ತಾನೆ. ಹಾಗೆಂದು ಅವನು ಬೇಹನ್ನು ಕೈಬಿಟ್ಟನೆಂದಲ್ಲ. ಅವನ ಮುಂದಿದ್ದುದು ಸಿಂಹಾಸನದ ಪ್ರಶ್ನೆ. ಬ್ಯಾಂಕಿನ ನೌಕರನ ಮನೆಯಲ್ಲಿ, ಮೇಷ್ಟರ ಮನೆಯಲ್ಲಿ, ಮಗ ಕಿತ್ತುಕೊಳ್ಳಬಹುದಾದ ಸಿಂಹಾಸನ ಯಾವುದಿದೆ? ಆದರೆ ಹೊಸ ವಸ್ತುವನ್ನು ಕುರಿತ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ. ಮನೆಯಲ್ಲಿ ಬೇಹನ್ನು ಬಳಿದರೆ ಮಗು ಬೇಹನ್ನೇ ಹೀರಿಕೊಳ್ಳುತ್ತದೆ. ಸ್ನೇಹಿತನ ಫೋನಿನಲ್ಲಿ ಇನ್ನೊಂದು ಹೆಸರು, ಅಪ್ಪನಿಗೆ ತೋರಿಸಲು ಒಂದು ಖಾತೆ, ತನಗಾಗಿ ಮತ್ತೊಂದು. ಇಂಥ ಜಾಣತನವನ್ನು ಮಕ್ಕಳಿಗೆ ನಾವೇ ಹೇಳಿಕೊಟ್ಟಂತಾಗುತ್ತದೆ.

ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ಗಮನಿಸಬೇಕು. ಬೇಹಿನ ಯಂತ್ರ ಒಬ್ಬ ಯಜಮಾನನಿಗೆ ಮಾತ್ರ ನಿಷ್ಠೆಯಿಂದಿರುತ್ತದೆಂಬ ಭರವಸೆಯಿಲ್ಲ. ಅಮೆರಿಕದಲ್ಲಿ ಎಕೋಮೆಟ್ರಿಕ್ಸ್ ಎಂಬ ಕಂಪನಿ ಮನೆಯ ಕಂಪ್ಯೂಟರಿನಲ್ಲಿ ಮಕ್ಕಳನ್ನು ಗಮನಿಸಲೆಂದು ‘ಸೆಂಟ್ರಿ’ ಎಂಬ ತಂತ್ರಾಂಶವನ್ನು ತಂದೆತಾಯಿಗಳಿಗೆ ಮಾರುತ್ತಿತ್ತು. ಆ ಮಕ್ಕಳ ಸಂಭಾಷಣೆಗಳಿಂದ ಬಂದ ಮಾಹಿತಿಯನ್ನು ಅದೇ ಕಂಪನಿ ತನ್ನ ಇನ್ನೊಂದು ಉದ್ಯಮದ ಮೂಲಕ ಸರಕು ಮಾರುವವರ ಸಂಶೋಧನೆಗೆ ಒದಗಿಸಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿ, ೨೦೧೦ರ ನವೆಂಬರಿನಲ್ಲಿ ಇತ್ಯರ್ಥಪಡಿಸಿತು. ಈ ವಿಷಯದ ಅಸ್ಪಷ್ಟವಾದ ಸುಳಿವು ಒಪ್ಪಂದಪತ್ರದ ಸುಮಾರು ೩೦ ಪ್ಯಾರಾಗಳ ಆಚೆಗೆ ಹುದುಗಿತ್ತಂತೆ. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಗೆ ಇದಕ್ಕಿಂತ ಒಪ್ಪುವ ದೃಷ್ಟಾಂತ ಬೇಕೆ? ೨೦೧೮ರ ಮೇ ತಿಂಗಳಲ್ಲಿ, ಮಕ್ಕಳ ಫೋನುಗಳನ್ನು ಗಮನಿಸುವ ‘ಟೀನ್‌ಸೇಫ್’ ಎಂಬ ಸೇವೆಯ ಕಡತಗಳು ಯಾವ ಬೀಗವೂ ಇಲ್ಲದೆ ಅಂತರ್ಜಾಲದಲ್ಲಿ ಬಿದ್ದಿರುವುದು ಪತ್ತೆಯಾಯಿತು. ೧೦,೦೦೦ಕ್ಕೂ ಹೆಚ್ಚಿನ ದಾಖಲೆಗಳು ಅಲ್ಲಿದ್ದುವು; ಮಕ್ಕಳ ಖಾತೆಗಳ ಗುಪ್ತಪದಗಳೂ ಅವುಗಳಲ್ಲಿ ಸೇರಿದ್ದುವು. ಅಪರಿಚಿತರಿಂದ ಕಾಪಾಡಲೆಂದು ಮಾಡಿದ ಏರ್ಪಾಡೇ ಅಪರಿಚ��ತರಿಗೆ ಬಾಗಿಲು ತೆರೆದಿತ್ತು.

ಕಾನೂನಿನ ಮಾತನ್ನೂ ಎತ್ತಬೇಕಾಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಸಲ್ಲಿಸಿದ ಅರ್ಜಿಯ ಫಲವಾಗಿ, ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ವಿಶ್ವಸಂಸ್ಥೆಯ ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೧೬ನೆಯ ವಿಧಿ ಮಗುವಿನ ಖಾಸಗಿತನವನ್ನೂ ಪತ್ರವ್ಯವಹಾರವನ್ನೂ ಸ್ವೇಚ್ಛೆಯ ಹಸ್ತಕ್ಷೇಪದಿಂದ ರಕ್ಷಿಸಬೇಕೆನ್ನುತ್ತದೆ. ೧೯೯೨ರಲ್ಲಿ ಭಾರತ ಅದಕ್ಕೆ ಸಮ್ಮತಿಯಿತ್ತಿದೆ. ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ೯ನೆಯ ಪ್ರಕರಣ, ಹದಿನೆಂಟು ತುಂಬದ ಮಕ್ಕಳ ನಡೆನುಡಿಗಳನ್ನು ಸಂಸ್ಥೆಗಳು ಹಿಂಬಾಲಿಸಿ ಗಮನಿಸುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆದರೆ ವ್ಯಕ್ತಿಯೊಬ್ಬ ತನ್ನ ಸ್ವಂತದ ಅಥವಾ ಮನೆಯ ಕಾರಣಕ್ಕಾಗಿ ಮಾಡುವುದಕ್ಕೆ ಅದೇ ಕಾಯಿದೆ ಅನ್ವಯಿಸದು. ಕಾನೂನು ಹೊಸ್ತಿಲಿನಲ್ಲಿ ನಿಲ್ಲುತ್ತದೆ, ನಿಲ್ಲುವುದೇ ಒಳ್ಳೆಯದು. ಹೊಸ್ತಿಲಿನ ಒಳಗೆ ನ್ಯಾಯಾಧೀಶರೂ ತಂದೆತಾಯಿಗಳೇ, ಪ್ರತಿವಾದಿಗಳೂ ಅವರೇ. ಅಧಿಕಾರ ಅಷ್ಟು ಪೂರ್ಣವಾಗಿರುವ ಕಡೆಯಲ್ಲಿ ಸಂಯಮವೂ ಅಷ್ಟೇ ಪೂರ್ಣವಾಗಿರಬೇಡವೆ?

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಮಗು ಕೆಟ್ಟ ಮೇಲೆ ನಿಮ್ಮ ಏಕಾಂತವನ್ನು ಕಟ್ಟಿಕೊಂಡು ಏನು ಮಾಡೋಣ?” ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯಲ್ಲಿ ಸತ್ಯವಿದೆ. ಎಂಟು ವರ್ಷದ ಮಗುವಿಗೆ ಏಕಾಂತದ ಉಪದೇಶ ಮಾಡಿ ಕಂಪ್ಯೂಟರನ್ನು ಕೈಗೆ ಕೊಟ್ಟು ಹೋಗುವುದು ಬೇಜವಾಬ್ದಾರಿ. ಐದು ವರ್ಷ ಲಾಲಿಸು, ಮುಂದೆ ಹತ್ತು ವರ್ಷ ಶಿಕ್ಷಿಸು, ಹದಿನಾರು ತುಂಬಿದ ಮೇಲೆ ಮಿತ್ರನಂತೆ ನಡೆಸಿಕೋ ಎಂಬ ಅರ್ಥದ ಹಳೆಯ ಸುಭಾಷಿತವನ್ನು ನಮ್ಮ ಹಿರಿಯರು ಬಾಯಲ್ಲೇ ಹೇಳುತ್ತಿದ್ದರು. ಅದರಲ್ಲಿ ಶಿಕ್ಷಿಸುವ ಭಾಗವನ್ನು ಒಪ್ಪದಿದ್ದರೂ, ವಯಸ್ಸಿನೊಡನೆ ಹಿಡಿತ ಸಡಿಲವಾಗಬೇಕೆಂಬ ವಿವೇಕವನ್ನು ಒಪ್ಪಬಹುದು. ಚಿಕ್ಕಂದಿನಲ್ಲಿ ಕಂಪ್ಯೂಟರು ನಡುಮನೆಯಲ್ಲಿರಲಿ. ದೊಡ್ಡವರು ಪಕ್ಕದಲ್ಲಿ ಕುಳಿತಿರಲಿ. ಬೇಲಿಯೂ ಗಡಿಯಾರವೂ ಇರಲಿ, ಆದರೆ ಅವು ಇವೆಯೆಂದು ಮಗುವಿಗೆ ತಿಳಿಸಿ, ಏಕೆ ಇವೆಯೆಂದು ಹೇಳಿ, ವರ್ಷಕ್ಕೊಮ್ಮೆ ಕೂಡಿ ಕುಳಿತು ಅವನ್ನು ಸಡಿಲಿಸಬೇಕು. ಪ್ರಾಣಕ್ಕೆ ಅಪಾಯವೆಂಬ, ಯಾರೋ ಬೆದರಿಸುತ್ತಿದ್ದಾರೆಂಬ ಸ್ಪಷ್ಟವಾದ ಸುಳಿವು ಸಿಕ್ಕಿದಾಗ ತಂದೆತಾಯಿಗಳು ಒಳಹೊಕ್ಕು ನೋಡಲೇಬೇಕಾದೀತು. ಮನೆಗೆ ಬೆಂಕಿ ಬಿದ್ದಾಗ ಬಾಗಿಲು ತಟ್ಟುತ್ತ ಕುಳಿತಿರುವುದಿಲ್ಲ. ಆಗಲೂ, ನೋಡಿದೆವೆಂಬುದನ್ನು ಮಗುವಿನ ಮುಖ ನೋಡಿ ಹೇಳುವ ಧೈರ್ಯವಿರಬೇಕು. ಮಕ್ಕಳ ಸಹಾಯವಾಣಿ ೧೦೯೮, ಸೈಬರ್ ವಂಚನೆಯ ದೂರಿಗೆ ೧೯೩೦. ಈ ಎರಡು ಸಂಖ್ಯೆಗಳನ್ನು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಡುವುದು ಬೇಹಿನ ತಂತ್ರಾಂಶಕ್ಕಿಂತ ಹೆಚ್ಚು ಉಪಯುಕ್ತವಾದ ಕೆಲಸ.

ಈ ಪುಟವನ್ನು ಓದುವ ವಿದ್ಯಾರ್ಥಿಗಳಿಗೂ ಒಂದು ಮಾತು. ಏಕಾಂತದ ಹಕ್ಕು ಸುಳ್ಳಾಡುವ ರಹದಾರಿಯಲ್ಲ. ತಂದೆತಾಯಿಗಳು ನಿಮ್ಮನ್ನು ನಂಬಬೇಕಾದರೆ, ನಂಬುವಂಥ ಮಾತನ್ನು ಆಗಾಗ ನೀವಾಗಿಯೇ ಹೇಳಬೇಕಾಗುತ್ತದೆ. ಅವರು ಹುಟ್ಟಿ ಬೆಳೆದ ಲೋಕದಲ್ಲಿ ಈ ಯಂತ್ರವಿರಲಿಲ್ಲ. ತಿಳಿಯದ ಕಾಡಿಗೆ ಮಗುವನ್ನು ಕಳುಹಿಸಿದವರ ಹೆದರಿಕೆ ಅವರದು. ಆ ಕಾಡಿನ ಹಾದಿಯನ್ನು ಅವರಿಗೆ ಸ್ವಲ್ಪ ತೋರಿಸಿಕೊಟ್ಟರೆ ನಿಮ್ಮ ಗೌರವವೇನೂ ಕುಂದುವುದಿಲ್ಲ.

ಕೊನೆಗೆ ಎಲ್ಲ ತಂದೆತಾಯಿಗಳಿಗೂ ಬೇಕಾಗಿರುವುದು ಒಂದೇ. ಮಗು ಎಂದಾದರೊಂದು ರಾತ್ರಿ ಅಂತರ್ಜಾಲದ ಯಾವುದೋ ಉರುಲಿಗೆ ಸಿಕ್ಕಿ ಕಂಗೆಟ್ಟಾಗ, ತಾನಾಗಿ ಎದ್ದುಬಂದು “ಅಮ್ಮಾ, ಒಂದು ತಪ್ಪಾಗಿದೆ” ಎಂದು ಹೇಳಬೇಕು. ಆ ಒಂದು ಮಾತು ಯಾವ ತಂತ್ರಾಂಶದಿಂದಲೂ ಬರುವುದಿಲ್ಲ. ತನ್ನ ಮೇಲೆ ಬೇಹು ನಡೆದಿದೆಯೆಂದು ಒಮ್ಮೆ ಕಂಡುಕೊಂಡ ಮಗು ಆ ರಾತ್ರಿ ಎದ್ದುಬರುವುದಿಲ್ಲ. ಬೇಹಿಗೆ ನಾವು ತೆರುವ ನಿಜವಾದ ಬೆಲೆ ಇದು.

ನಮ್ಮ ಮಿತ್ರರು ಆ ತಂತ್ರಾಂಶವನ್ನು ತೆಗೆದುಹಾಕಿದರು. ತೆಗೆದುಹಾಕಿದೆನೆಂದು ಮಗಳಿಗೆ ತಾವೇ ಹೇಳಿದರು. ಅವಳು ನಂಬಲು ಬಹಳ ಕಾಲ ಹಿಡಿಯಿತು. ಈಚೆಗೆ ಅವಳು ರಾತ್ರಿಯ ಹೊತ್ತು ಒಂದು ನೋಟುಪುಸ್ತಕದಲ್ಲಿ ಏನನ್ನೋ ಬರೆಯುತ್ತಿರುತ್ತಾಳೆಂದು ಮಿತ್ರರು ಮೊನ್ನೆ ಹೇಳಿದರು. ಏನು ಬರೆಯುತ್ತಾಳೆಂದು ಅವರು ಕೇಳಿಲ್ಲ, ನಾವೂ ಕೇಳಿಲ್ಲ.